ಒಡಲೊಳಗಿಂದಲೇ ಬರುವ ಸೋಂಕು

ಹೊರಗಿನಿಂದ ಯಾವ ಗಾಯವೂ ಆಗದೆ, ಕರುಳಿನಲ್ಲಿ ಎಲ್ಲಿಯೂ ರಂಧ್ರ ಬೀಳದೆ, ಶಸ್ತ್ರವೈದ್ಯನ ಕತ್ತಿಯೂ ಸೋಂಕದೆ, ಜಲೋದರದಿಂದ ಬಳಲುತ್ತಿರುವ ರೋಗಿಯ ಹೊಟ್ಟೆಯಲ್ಲಿ ತುಂಬಿನಿಂತ ನೀರು ತನಗೆ ತಾನೇ ಬ್ಯಾಕ್ಟೀರಿಯಗಳಿಗೆ ಎಡೆಯಾಗುವುದುಂಟು. ಈ ವಿಲಕ್ಷಣ ವ್ಯಾಧಿಯನ್ನು ಹಿಂದಿನ ವೈದ್ಯರು ಅಲ್ಲೊಂದು ಇಲ್ಲೊಂದು ಕಂಡಿದ್ದರಾದರೂ, ಇದಕ್ಕೆ ಬೇರೆ ಕಾರಣವಿಲ್ಲ, ಇದು ಸ್ವಯಂಜನ್ಯವಾದ ಉರಿಯೂತವೆಂದು ಗುರುತಿಸಿ ಅದನ್ನು ವೈದ್ಯಲೋಕದ ಗಮನಕ್ಕೆ ತಂದವರಲ್ಲಿ ಪ್ರಮುಖರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೆರಾಲ್ಡ್ ಕಾನ್. ಅದು 1964ರ ಮಾತು. ಆ ಕಾಲದಲ್ಲಿ ಈ ಸೋಂಕಿಗೆ ಗುರಿಯಾದ ನೂರು ಮಂದಿಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಆ ನೀರಿನಲ್ಲಿ ದೊರೆತ ಬ್ಯಾಕ್ಟೀರಿಯಗಳಾದರೋ ಎಲ್ಲಿಂದಲೋ ಬಂದ ಅಪರಿಚಿತ ಜೀವಿಗಳಲ್ಲ, ಇ. ಕೋಲೈ, ಕ್ಲೆಬ್ಸಿಯೆಲ್ಲ ಮೊದಲಾಗಿ ಮನುಷ್ಯನ ಕರುಳಿನಲ್ಲಿಯೇ ನೆಲೆಸಿರತಕ್ಕವು.

ನಮ್ಮ ದೇಹದಲ್ಲಿರುವ ಬ್ಯಾಕ್ಟೀರಿಯಗಳ ಸಂಖ್ಯೆ ಸುಮಾರು 38 ಲಕ್ಷ ಕೋಟಿಯೆಂದು ಅಂದಾಜು ಮಾಡಿದ್ದಾರೆ. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿದ್ದುಕೊಂಡು, ನಾವು ಜೀರ್ಣಿಸಲಾರದ ನಾರನ್ನು ಹುದುಗಿಸಿ, ಕರುಳಿನ ಒಳಪದರಕ್ಕೆ ಬೇಕಾದ ಪೋಷಣೆಯನ್ನು ಒದಗಿಸುತ್ತ, ಜೀವಮಾನವಿಡೀ ನಮಗೆ ಉಪಕಾರಿಗಳಾಗಿಯೇ ಉಳಿಯುತ್ತವೆ. ಅವುಗಳಿಗೂ ನಮ್ಮ ರಕ್ತಕ್ಕೂ ನಡುವೆ ಇರುವುದು ಒಂದೇ ಒಂದು ಸಾಲು ಜೀವಕೋಶಗಳ ತೆಳುವಾದ ಪದರ ಮತ್ತು ಅದರ ಮೇಲಣ ಲೋಳೆ. ಇಷ್ಟು ತೆಳ್ಳನೆಯ ತಡೆಯನ್ನು ಕೆಲವು ಬ್ಯಾಕ್ಟೀರಿಯಗಳೋ, ಸತ್ತ ಬ್ಯಾಕ್ಟೀರಿಯಗಳ ಚೂರುಗಳೋ ಆಗಾಗ್ಗೆ ದಾಟಿಬರುವುದು ಆರೋಗ್ಯವಂತರಲ್ಲಿಯೂ ಇದ್ದದ್ದೇ. ಆದರೆ ಕರುಳಿನಿಂದ ಹೊರಟ ರಕ್ತವು ನೇರವಾಗಿ ಹೃದಯಕ್ಕೆ ಹೋಗದೆ, ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತನ್ನು ಹೊಗುತ್ತದೆ. ಯಕೃತ್ತಿಗೆ ಬರುವ ರಕ್ತದಲ್ಲಿ ಹೆಚ್ಚುಕಡಮೆ ಮುಕ್ಕಾಲು ಪಾಲು ಈ ಮಾರ್ಗದಿಂದಲೇ ಬರುವುದು. ಅಲ್ಲಿಯ ಸೂಕ್ಷ್ಮ ನಾಳಗಳ ಗೋಡೆಗೆ ಅಂಟಿಕೊಂಡಿರುವ ಕುಪ್ಫರ್ ಕೋಶಗಳೆಂಬ ಭಕ್ಷಕಕೋಶಗಳು ಹರಿದುಬಂದ ಕಲ್ಮಷವನ್ನು ಹಿಡಿದು ನುಂಗುತ್ತವೆ. ದೇಹದ ಅಂಗಾಂಶಗಳಲ್ಲಿ ನೆಲೆಸಿರುವ ಇಂಥ ಭಕ್ಷಕಕೋಶಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಯಕೃತ್ತೊಂದರಲ್ಲಿಯೇ ಇರುವುದನ್ನು ನೆನೆದರೆ, ಈ ಶೋಧನಕಾರ್ಯಕ್ಕೆ ಪ್ರಕೃತಿಯು ಕೊಟ್ಟಿರುವ ಪ್ರಾಧಾನ್ಯ ಎಷ್ಟೆಂಬುದು ತಿಳಿಯುತ್ತದೆ.

ವರ್ಷಾನುಗಟ್ಟಲೆ ನಡೆದ ಮದ್ಯಪಾನದಿಂದಲೋ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್ಸಿನಿಂದಲೋ, ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳ ಜೊತೆಗೂಡಿ ಬರುವ ಕೊಬ್ಬಿನಿಂದಲೋ ಯಕೃತ್ತು ಮತ್ತೆ ಮತ್ತೆ ಗಾಯಗೊಂಡು, ಮಾಯ್ದ ಕಡೆಯಲ್ಲೆಲ್ಲ ನಾರು ಬೆಳೆದು, ಕಡೆಗೆ ಇಡೀ ಅಂಗವೇ ಗಂಟುಗಂಟಾಗಿ ಬಿರುಸಾಗುವ ಸ್ಥಿತಿಯೇ ಸಿರೋಸಿಸ್; ಮೊದಲು ಹೇಳಿದ ಜಲೋದರಕ್ಕೆ ಸಾಮಾನ್ಯವಾದ ಕಾರಣವೂ ಇದೇ. ಕೆರೆಯ ತೂಬಿಗೆ ಹೂಳು ತುಂಬಿದಾಗ ಹಿಂದೆ ನಿಂತ ನೀರು ಏರಿಯ ದುರ್ಬಲ ಸ್ಥಳಗಳನ್ನು ಅರಸಿ ಅಡ್ಡದಾರಿ ಮಾಡಿಕೊಳ್ಳುವಂತೆ, ಕಠಿನವಾದ ಯಕೃತ್ತಿನೊಳಗೆ ಹರಿಯಲಾರದ ರಕ್ತವು ಅನ್ನನಾಳದ ತಳಭಾಗವೇ ಮೊದಲಾದ ಕಡೆಗಳಲ್ಲಿರುವ ಸಣ್ಣ ಸಿರೆಗಳನ್ನು ಉಬ್ಬಿಸಿಕೊಂಡು, ಯಕೃತ್ತನ್ನು ಬಳಸಿ ಹೃದಯವನ್ನು ಸೇರುತ್ತದೆ. ಅಂದರೆ, ಯಾವ ರಕ್ತವು ಶೋಧಿತವಾಗಬೇಕಾಗಿತ್ತೋ ಅದೇ ರಕ್ತ ಶೋಧಿತವಾಗದೆ ಸರ್ವಾಂಗಕ್ಕೂ ಹರಿಯುತ್ತದೆ. ಇತ್ತ ಕರುಳಿನ ಗೋಡೆ ಒತ್ತಡದಿಂದ ಊದಿ ಸಡಿಲವಾಗುತ್ತದೆ. ಕರುಳಿನ ಚಲನೆ ಮಂದವಾಗಿ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಗಳು ಮಿತಿಮೀರುತ್ತವೆ. ಅವುಗಳನ್ನು ಅಂಕೆಯಲ್ಲಿಡುವ ಪಿತ್ತರಸವೂ ಕರುಳಿಗೆ ಸಾಕಷ್ಟು ಇಳಿಯುವುದಿಲ್ಲ. ಇದೂ ಸಾಲದೆಂಬಂತೆ, ಬ್ಯಾಕ್ಟೀರಿಯಗಳನ್ನು ಗುರುತುಮಾಡಿ ಬಿಳಿ ರಕ್ತಕಣಗಳಿಗೆ ಒಪ್ಪಿಸುವ ಪ್ರೋಟೀನುಗಳನ್ನು ತಯಾರಿಸತಕ್ಕದ್ದೂ ಆ ಯಕೃತ್ತೇ ಆದುದರಿಂದ, ಅವೂ ಕ್ಷೀಣಿಸುತ್ತವೆ. ಪ್ರೋಟೀನು ತೀರ ಕಡಮೆಯಿರುವ ಹೊಟ್ಟೆಯ ನೀರು ಬಹುಬೇಗ ಸೋಂಕಿಗೆ ತುತ್ತಾಗುವುದು ಈ ಕಾರಣದಿಂದಲೇ.

ಬ್ಯಾಕ್ಟೀರಿಯಗಳ ಸಮುದಾಯವೂ ಮೊದಲಿನಂತೆ ಉಳಿಯುವುದಿಲ್ಲ. ಚೀನದ ವಿಜ್ಞಾನಿಗಳು 98 ಮಂದಿ ಸಿರೋಸಿಸ್ ರೋಗಿಗಳ ಮತ್ತು 83 ಮಂದಿ ಆರೋಗ್ಯವಂತರ ಮಲದಲ್ಲಿನ ಬ್ಯಾಕ್ಟೀರಿಯಗಳ ಜೀನುಗಳನ್ನು ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಕರುಳಿನಲ್ಲಿ ಹೆಚ್ಚಾಗಿ ಕಂಡ ಪ್ರಭೇದಗಳಲ್ಲಿ ಅರ್ಧಕ್ಕೂ ಮಿಗಿಲಾದವು ಬಾಯಿಯಲ್ಲಿ ವಾಸಿಸತಕ್ಕವೆಂಬ ಸಂಗತಿ ಹೊರಬಿದ್ದಿತು. ಜೊಲ್ಲಿನೊಡನೆ ನಾವು ದಿನವೂ ನುಂಗುವ ಈ ಜೀವಿಗಳು ಜಠರದ ಆಮ್ಲದಿಂದಲೂ ಪಿತ್ತರಸದಿಂದಲೂ ನಾಶವಾಗಬೇಕು. ಆ ಎರಡು ತಡೆಗಳೂ ಕುಂದಿದ ಕಡೆ ಅವು ಕೆಳಗಿಳಿದು ನೆಲೆಯೂರುತ್ತವೆ. ಎದೆಯುರಿಗೆಂದು ಔಷಧದ ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ನುಂಗುವ, ಆಮ್ಲವನ್ನು ತಗ್ಗಿಸುವ ಮಾತ್ರೆಗಳಿಗೂ ಸಿರೋಸಿಸ್ ರೋಗಿಗಳ ಸೋಂಕಿಗೂ ಸಂಬಂಧವಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ನಮ್ಮಲ್ಲಿ ‘ಗ್ಯಾಸಿನ ಮಾತ್ರೆ’ ಎಂದು ಕರೆಸಿಕೊಳ್ಳುವ ಇವುಗಳನ್ನು ಯಕೃತ್ತಿನ ರೋಗವುಳ್ಳವರು ವೈದ್ಯರನ್ನು ಕೇಳದೆ ಸೇವಿಸಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಸೋಂಕಿನ ಅತ್ಯಂತ ಭಯಾನಕವಾದ ಗುಣ ಅದರ ಮೌನ. ಜ್ವರ ಬಾರದಿರಬಹುದು, ಹೊಟ್ಟೆನೋವು ಅಲ್ಪವಾಗಿರಬಹುದು. ರೋಗಿಗೆ ಮಂಕು ಕವಿದುದು, ಹಗಲೆಲ್ಲ ನಿದ್ರಿಸಿ ರಾತ್ರಿ ಎಚ್ಚರವಾಗಿರುವುದು, ಮೂತ್ರ ಕಡಮೆಯಾದುದು ಇಷ್ಟೇ ಮನೆಯವರ ಕಣ್ಣಿಗೆ ಬೀಳುವ ಚಿಹ್ನೆಗಳಾಗಬಹುದು. ನಿರ್ಣಯಕ್ಕಿರುವ ಮಾರ್ಗವಾದರೋ ಸರಳ: ಸೂಜಿಯಿಂದ ಸ್ವಲ್ಪ ನೀರನ್ನು ತೆಗೆದು, ಒಂದು ಘನ ಮಿಲಿಮೀಟರಿನಲ್ಲಿ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು 250 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಬ್ಯಾಕ್ಟೀರಿಯ ಬೆಳೆದು ಕಾಣುವವರೆಗೆ ಕಾಯದೆ ಚಿಕಿತ್ಸೆಯನ್ನು ಆರಂಭಿಸತಕ್ಕದ್ದು. ಆಸ್ಪತ್ರೆಗೆ ಸೇರಿದ ಹನ್ನೆರಡು ಗಂಟೆಗಳೊಳಗೆ ಈ ಪರೀಕ್ಷೆ ನಡೆಯದೆ ತಡವಾದವರಲ್ಲಿ ಸಾವಿನ ಸಂಭವ ಎರಡೂವರೆ ಪಟ್ಟಿಗಿಂತಲೂ ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು 2014ರಲ್ಲಿ ತಿಳಿಸಿತು. ಹೊಟ್ಟೆಗೆ ಸೂಜಿ ಚುಚ್ಚಿ ನೀರು ತೆಗೆದರೆ ರೋಗಿ ಇನ್ನಷ್ಟು ಸೊರಗುವನೆಂಬ ಅಂಜಿಕೆಯಿಂದ, ನಾಳೆ ನೋಡೋಣವೆಂದು ಬಂಧುಗಳು ಹಿಂದೆಗೆಯುವುದು ಸಹಜವಾದ ಮಮತೆಯಿಂದಲೇ ಸರಿ. ಆದರೆ ಆ ಒಂದು ನಾಳೆಯ ಬೆಲೆ ಪ್ರಾಣವಾಗಬಹುದೆಂಬುದನ್ನು ಅವರಿಗೆ ತಾಳ್ಮೆಯಿಂದ ತಿಳಿಸಿಹೇಳುವವರು ಬೇಕು.

ಸಕಾಲದ ಚಿಕಿತ್ಸೆಯ ಫಲ ಅಲ್ಪವಲ್ಲ. ಸೆಫೊಟಾಕ್ಸಿಮ್ ಎಂಬ ಆಂಟಿಬಯೊಟಿಕ್ಕಿನ ಜೊತೆಗೆ ಆಲ್ಬುಮಿನ್ ಪ್ರೋಟೀನನ್ನೂ ರಕ್ತಕ್ಕೆ ಕೊಟ್ಟರೆ ಮೂತ್ರಪಿಂಡಗಳು ಉಳಿಯುವುವೆಂದು 1999ರಲ್ಲಿ ಸ್ಪೇನಿನ ವೈದ್ಯರು 126 ಮಂದಿಯಲ್ಲಿ ತೋರಿಸಿದರು. ಆಸ್ಪತ್ರೆಯಲ್ಲಿಯೇ ಮರಣ ಹೊಂದಿದವರು ನೂರಕ್ಕೆ 29ರಿಂದ 10ಕ್ಕೆ ಇಳಿದರು. ಆಲ್ಬುಮಿನ್ ದುಬಾರಿಯಾದ ವಸ್ತುವೆಂಬುದು ನಮ್ಮ ದೇಶದ ಬಡರೋಗಿಗಳ ಮಟ್ಟಿಗೆ ನೋವಿನ ಸಂಗತಿ. ಸ್ಪೇನಿನ ಆ ಪ್ರಯೋಗಕ್ಕೂ ಮುಂಚೆ, 1990ರಲ್ಲಿ, ಬಾರ್ಸಿಲೋನದವರು ಒಮ್ಮೆ ಸೋಂಕಿನಿಂದ ಪಾರಾದವರಿಗೆ ನಾರ್ಫ್ಲಾಕ್ಸಸಿನ್ ಎಂಬ ಆಂಟಿಬಯೊಟಿಕ್ ಮಾತ್ರೆಯನ್ನು ದಿನವೂ ಕೊಟ್ಟು ನೋಡಿದಾಗ, ವರ್ಷದೊಳಗೆ ಸೋಂಕು ಮರುಕಳಿಸುವ ಸಂಭವ ನೂರಕ್ಕೆ 68ರಿಂದ 20ಕ್ಕೆ ತಗ್ಗಿತ್ತು.

ಆದರೆ ಕರುಳನ್ನು ಔಷಧದಿಂದ ಸದಾ ತೊಳೆಯುತ್ತಿದ್ದರೆ ಅಲ್ಲಿ ಉಳಿಯುವವು ಔಷಧಕ್ಕೆ ಮಣಿಯದ ಜೀವಿಗಳೇ ತಾನೆ? ಹಲವು ಖಂಡಗಳ 1302 ಮಂದಿ ಸಿರೋಸಿಸ್ ರೋಗಿಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುರುತಿಸಲಾದ ಬ್ಯಾಕ್ಟೀರಿಯ ಸೋಂಕುಗಳಲ್ಲಿ ಮೂರರಲ್ಲೊಂದು ಪಾಲು ಹಲವು ಔಷಧಗಳನ್ನು ಜಯಿಸಿದಂಥವಾಗಿದ್ದವು. ಅವುಗಳ ಪ್ರಮಾಣ ಅತ್ಯಧಿಕವಾಗಿದ್ದುದು ಏಷ್ಯದಲ್ಲಿ, ಅದರಲ್ಲಿಯೂ ಭಾರತದಲ್ಲಿ. ಆದಕಾರಣ ಬ್ಯಾಕ್ಟೀರಿಯಗಳನ್ನು ಕೊಲ್ಲುವುದಕ್ಕೆ ಬದಲಾಗಿ, ಕಳೆದುಹೋದ ಸಮುದಾಯವನ್ನು ಮರಳಿ ಕಟ್ಟುವುದು ಸಾಧ್ಯವೇ ಎಂಬ ವಿಚಾರ ಈಗ ನಡೆದಿದೆ. ಅಮೆರಿಕದ ರಿಚ್ಮಂಡ್ ನಗರದ ವೈದ್ಯ ಜಸ್‌ಮೋಹನ್ ಬಜಾಜ್ ಮತ್ತು ಅವರ ಸಂಗಡಿಗರು, ಯಕೃತ್ತಿನ ರೋಗದಿಂದ ಬುದ್ಧಿ ಮಂಕಾಗುತ್ತಿದ್ದ 20 ಮಂದಿಯಲ್ಲಿ ಅರ್ಧದಷ್ಟು ಜನಕ್ಕೆ ಆರೋಗ್ಯವಂತ ದಾನಿಯ ಮಲದಲ್ಲಿನ ಬ್ಯಾಕ್ಟೀರಿಯಗಳನ್ನು ಎನಿಮಾದ ಮೂಲಕ ಸೇರಿಸಿ, ಅವರು ಮತ್ತೆ ಆಸ್ಪತ್ರೆ ಸೇರಬೇಕಾದ ಪ್ರಸಂಗಗಳು ಕಡಮೆಯಾದುದನ್ನು 2017ರಲ್ಲಿ ವರದಿಮಾಡಿದರು.

ಇಷ್ಟಾದರೂ ಈ ದಾರಿಯಲ್ಲಿ ಅವಸರ ಸಲ್ಲದು. 2019ರಲ್ಲಿ ಅಮೆರಿಕದಲ್ಲಿಯೇ ಬೇರೊಂದು ಪ್ರಯೋಗದಲ್ಲಿ ದಾನಿಯ ಮಲದಲ್ಲಿನ ಬ್ಯಾಕ್ಟೀರಿಯಗಳನ್ನು ತುಂಬಿದ ಕ್ಯಾಪ್ಸೂಲುಗಳನ್ನು ನುಂಗಿದ ಸಿರೋಸಿಸ್ ರೋಗಿಯೊಬ್ಬರ ರಕ್ತದಲ್ಲಿ ಔಷಧಕ್ಕೆ ಜಗ್ಗದ ಇ. ಕೋಲೈ ಕಾಣಿಸಿಕೊಂಡಿತು. ಅವರು ಚೇತರಿಸಿಕೊಂಡರಾದರೂ, ಅದೇ ದಾನಿಯ ಕ್ಯಾಪ್ಸೂಲುಗಳನ್ನು ಪಡೆದ, ರಕ್ತದ ವ್ಯಾಧಿಯಿದ್ದ ಇನ್ನೊಬ್ಬರು ತೀರಿಕೊಂಡರು. ಆ ಜೀವಿ ದಾನಿಯ ಕರುಳಿನಲ್ಲಿದ್ದಷ್ಟು ಕಾಲ ಆತನಿಗೆ ಯಾವ ಬಾಧೆಯನ್ನೂ ಕೊಟ್ಟಿರಲಿಲ್ಲ. ಆ ವರ್ಷದ ಜೂನಿನಲ್ಲಿಯೇ ಅಲ್ಲಿನ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆಯು, ದಾನಿಗಳ ಮಲವನ್ನು ಇಂಥ ಬ್ಯಾಕ್ಟೀರಿಯಗಳಿಗಾಗಿ ಪರೀಕ್ಷಿಸಿದ ಹೊರತು ಯಾವ ಪ್ರಯೋಗವನ್ನೂ ನಡೆಸಕೂಡದೆಂದು ವಿಧಿಸಿತು. ಅಲ್ಲಿ ಈಗ ನಡೆಯುತ್ತಿರುವ ಪ್ರಯೋಗಗಳೆಲ್ಲ ಆ ಕಟ್ಟುಪಾಡಿಗೆ ಒಳಪಟ್ಟೇ ಮುಂದುವರಿದಿವೆ.