ಊದಬೇಡ, ಎಳಿ!

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಯಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ಸಾಮಾನುಗಳಲ್ಲಿ ಎಷ್ಟೋ ಬಾಯಿಂದಲೇ ನಡೆಯುವಂಥವು. ಪೀಪಿ, ಬಲೂನು, ಸೋಪಿನ ಗುಳ್ಳೆಯ ಡಬ್ಬಿ. ಊದುವುದನ್ನು ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ನ್ಯುಮೋನಿಯಾದಿಂದ ಎದ್ದ ಮಗುವಿಗೆ ‘ದಿನಾ ಉಸಿರಿನ ವ್ಯಾಯಾಮ ಮಾಡಿಸಿ’ ಎಂದು ಡಾಕ್ಟರು ಹೇಳಿ ಕಳಿಸಲಿ, ಎರಡನೇ ದಿನಕ್ಕೇ ಮನೆಯಲ್ಲಿ ರಂಪ. ಈ ರಂಪ ತಪ್ಪಿಸಲು ವೈದ್ಯರು ಆಟದ ಸಾಮಾನಿನ ಮೊರೆ ಹೋಗಿ ಬಹಳ ಕಾಲವಾಯಿತು. ಹೋದ ದಾರಿ ಮಾತ್ರ ನೆಟ್ಟಗಿರಲಿಲ್ಲ.

ಮೊದಲು ಬಂದದ್ದು ಊದುವ ಬಾಟಲಿಗಳು. ನಳಿಗೆಯಿಂದ ಜೋಡಿಸಿದ ಎರಡು ಬಾಟಲಿ, ಒಂದರಲ್ಲಿ ಬಣ್ಣದ ನೀರು. ಊದಿ ಊದಿ ನೀರನ್ನು ಅತ್ತಲಿಂದ ಇತ್ತ ದಾಟಿಸಿದರೆ ಗೆದ್ದಂತೆ. ಆಪರೇಷನ್ ಆದವರಿಗೆ ಆಸ್ಪತ್ರೆಗಳಲ್ಲಿ ಇದನ್ನೇ ಮಾಡಿಸುತ್ತಿದ್ದರು. 1970ರ ಹೊತ್ತಿಗೆ ಅಮೆರಿಕದ ಶಸ್ತ್ರವೈದ್ಯ ರಾಬರ್ಟ್ ಬಾರ್ಟ್‌ಲೆಟ್ ತಕರಾರು ತೆಗೆದರು. ಮುದುಡಿದ ಶ್ವಾಸಕೋಶ ಅರಳುವುದು ಗಾಳಿ ಒಳಗೆ ಹೋದಾಗ; ನೀವು ಗಾಳಿಯನ್ನು ಹೊರಗೆ ತಳ್ಳಿಸುತ್ತಿದ್ದೀರಲ್ಲ! ಅವರಿಗೆ ಮಾದರಿಯಾಗಿ ಸಿಕ್ಕಿದ್ದು ಆಕಳಿಕೆ. ಆಕಳಿಸುವಾಗ ನಾವು ಎಷ್ಟು ಆಳಕ್ಕೆ ಉಸಿರೆಳೆದು ಅರೆಗಳಿಗೆ ಹಿಡಿದಿಡುತ್ತೇವೋ, ಅಂಥದೇ ಉಸಿರನ್ನು ಬೇಕೆಂದಾಗ ಎಳೆಸುವ ಉಪಕರಣವನ್ನು ಅವರು ಮಾಡಿದರು. ಇನ್ಸೆಂಟಿವ್ ಸ್ಪೈರೋಮೀಟರ್ ಹುಟ್ಟಿದ್ದು ಹೀಗೆ.

ಕೋವಿಡ್ ಕಾಲದಲ್ಲಿ ಮೆಡಿಕಲ್ ಶಾಪುಗಳಿಂದ ಎಷ್ಟೋ ಮನೆಗಳಿಗೆ ಬಂದ ಮೂರು ಚೆಂಡಿನ ಡಬ್ಬಿ ಇದರದೇ ಸಂತತಿ. ಮಗುವಿನ ಕೈಗೆ ಕೊಟ್ಟು ನೋಡಿ. ಕೆನ್ನೆ ಉಬ್ಬಿಸಿ ಊದುತ್ತದೆ, ಚೆಂಡು ಅಲ್ಲಾಡುವುದಿಲ್ಲ. ‘ಊದಬೇಡ ಕಣೋ, ಎಳಿ. ಸ್ಟ್ರಾ ಹಾಕಿ ಎಳನೀರು ಕುಡಿಯೋ ಹಾಗೆ’ ಎಂದ ಮೇಲೆ ಮೊದಲ ಚೆಂಡು ಟಕ್ ಎಂದು ಮೇಲೇಳುತ್ತದೆ. ಸೆಕೆಂಡಿಗೆ 600 ಮಿಲಿಲೀಟರ್ ಗಾಳಿ ಎಳೆದರೆ ಒಂದು ಚೆಂಡು, 900ಕ್ಕೆ ಎರಡು, 1,200ಕ್ಕೆ ಮೂರೂ. ಇಲ್ಲೇ ಇನ್ನೊಂದು ಎಡವಟ್ಟು. ಚೂಟಿ ಹುಡುಗ ಗಬಕ್ಕನೆ ಎಳೆದು ಮೂರೂ ಚೆಂಡು ಹಾರಿಸಿ ಅಕ್ಕನ ಮುಂದೆ ಬೀಗುತ್ತಾನೆ. ಶ್ವಾಸಕೋಶಕ್ಕೆ ಬೇಕಾದದ್ದು ಅದಲ್ಲ. ಒಂದೇ ಚೆಂಡನ್ನು ಎತ್ತಿ, ಬೀಳದಂತೆ ಎರಡು ಮೂರು ಸೆಕೆಂಡು ನಿಲ್ಲಿಸಿದವನೇ ಗೆದ್ದವನು. ಡಬ್ಬಿ ಅದನ್ನು ಹೇಳುವುದಿಲ್ಲ, ಪಕ್ಕದಲ್ಲಿ ಕೂತವರು ಹೇಳಬೇಕು.

ಹಾಗೆಂದು ಊದುವ ಬಾಟಲಿ ಮೂಲೆ ಸೇರಲಿಲ್ಲ. ಕಫ ಕಟ್ಟಿಕೊಳ್ಳುವ ದೀರ್ಘ ಕಾಯಿಲೆಯ ಮಕ್ಕಳಿಗೆ ಅದು ಬೇರೆ ರೂಪದಲ್ಲಿ ಬಂತು. ಬಾಟಲಿಯಲ್ಲಿ ಸುಮಾರು 10 ಸೆಂಟಿಮೀಟರ್ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ತಳದವರೆಗೆ ಇಳಿಬಿಟ್ಟ ನಳಿಗೆ. ಊದಿದರೆ ಗುಳುಗುಳು ನೊರೆ ಉಕ್ಕಿ ಮೇಲೆ ಬರುತ್ತದೆ. ನೀರಿನ ಎದುರೊತ್ತಡಕ್ಕೆ ಉಸಿರುನಾಳಗಳು ತೆರೆದೇ ಇರುತ್ತವೆ, ಗುಳ್ಳೆಯ ನಡುಕಕ್ಕೆ ಕಫ ಸಡಿಲವಾಗುತ್ತದೆ.

ಉಬ್ಬಸದ ಕಥೆ ಬೇರೆ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ 20,000 ಮಕ್ಕಳ ಮಾಹಿತಿ ಕಲೆಹಾಕಿದಾಗ, 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ಕ್ಕೆ ಶೇ 29.5 ಮುಟ್ಟಿತ್ತು. ಇದಕ್ಕೆ ಮುಖ್ಯ ಮದ್ದಾದ ಇನ್ಹೇಲರ್ ಹುಟ್ಟಿದ್ದೇ ಒಂದು ಮಗುವಿನ ಪ್ರಶ್ನೆಯಿಂದ. 1955ರಲ್ಲಿ ಅಮೆರಿಕದ ರೈಕರ್ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಹದಿಮೂರರ ಮಗಳು ‘ಕೂದಲಿಗೆ ಹೊಡೆಯೋ ಸ್ಪ್ರೇ ಥರ ನನ್ನ ಮದ್ದೂ ಯಾಕೆ ಬರಬಾರದು?’ ಎಂಬರ್ಥದಲ್ಲಿ ಕೇಳಿದಳಂತೆ. ಮರುವರ್ಷವೇ ಇನ್ಹೇಲರ್ ಮಾರುಕಟ್ಟೆಯಲ್ಲಿತ್ತು. ಆದರೆ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗಬೇಕು. ಚಿಕ್ಕ ಮಕ್ಕಳಿಗೆ ಅದಾಗದು, ಮದ್ದೆಲ್ಲ ಗಂಟಲಿಗೇ ಬಡಿಯುತ್ತದೆ. ನಡುವೆ ಸ್ಪೇಸರ್ ಎಂಬ ಕೊಳವೆ ಸೇರಿದ್ದು ಅದಕ್ಕೇ.

ಸ್ಪೇಸರಿನಲ್ಲೂ ಆಟ ಎಡವಿದ್ದುಂಟು. ಏರೋಚೇಂಬರ್ ಎಂಬ ಸ್ಪೇಸರ್‌ನಲ್ಲಿ ಜೋರಾಗಿ ಎಳೆದರೆ ಸಿಳ್ಳೆ ಕೇಳುತ್ತದೆ. ಅದು ‘ನಿಧಾನ’ ಎನ್ನುವ ಎಚ್ಚರಿಕೆ. ಆದರೆ ಸಿಳ್ಳೆ ಬರುತ್ತದೆಂದು ಗೊತ್ತಾದ ಮೇಲೆ ಬಿಡುವ ಮಗು ಯಾವುದು? ಆಸ್ಟ್ರೇಲಿಯದ ಪರ್ತ್‌ನವರು ರೂಪಿಸಿದ ‘ಫನ್‌ಹೇಲರ್’ ಇದನ್ನು ತಿರುಗಿಸಿ ಹಾಕಿತು. ಸರಿಯಾಗಿ ಉಸಿರಾಡಿದಾಗ ಮಾತ್ರ ಸಿಳ್ಳೆ, ಆಗ ಮಾತ್ರ ಚಕ್ರ ತಿರುಗುವುದು. ಆಟಿಕೆಯನ್ನು ಮದ್ದು ಹಾಯುವ ದಾರಿಗೆ ಅಡ್ಡ ಬಾರದಂತೆ ಪಕ್ಕಕ್ಕೆ ಜೋಡಿಸಿದ್ದರು. 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದ್ದವರು 32 ಪುಟಾಣಿಗಳಷ್ಟೇ. ಆದರೂ ಮದ್ದು ತಪ್ಪಿಸುವುದು ಕಡಿಮೆಯಾಗಿದ್ದು ಎದ್ದು ಕಾಣುತ್ತಿತ್ತು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಡಲೆಕಾಯಿ ಒಕ್ಕುವ ದೂಳು, ಸೌದೆ ಒಲೆಯ ಹೊಗೆ ಇಲ್ಲಿನ ಮಕ್ಕಳಿಗೆ ಹೊಸದಲ್ಲ. ಶಾಲೆಗೇ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆ ಪಟ್ಟಿಯಲ್ಲಿ ಉಬ್ಬಸವೂ ಇದೆ. ಇಂಥ ಊರುಗಳಿಗೆ ಫನ್‌ಹೇಲರ್‌ಗಿಂತ ಹತ್ತಿರದ್ದು ಕೇಪ್‌ಟೌನಿನ ಹೀದರ್ ಝಾರ್ 1999ರಲ್ಲಿ ತೋರಿಸಿಕೊಟ್ಟ ಉಪಾಯ. ಅರ್ಧ ಲೀಟರಿನ ತಂಪುಪಾನೀಯದ ಬಾಟಲಿಯ ತಳಕ್ಕೆ ಇನ್ಹೇಲರ್ ಬಾಯಿಯ ಅಳತೆಗೆ ಬಿಗಿಯಾಗಿ ತೂತು ಮಾಡಿದರೆ ಅದೂ ಸ್ಪೇಸರೇ, ಕಂಪನಿ ಸ್ಪೇಸರಿನಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಟಲಿಗೆ ಬಣ್ಣ ಬಳಿದು, ಕಣ್ಣು ಬಿಡಿಸಿ, ಉಸಿರನ್ನು ಒಂದು ಎರಡು ಎಂದು ಅಣ್ಣನೋ ಅಕ್ಕನೋ ಎಣಿಸಿದರೆ ಆಟವೂ ಆಯಿತು. ತೂತು ಎಲ್ಲಿ, ಎಷ್ಟು ಎಂಬುದನ್ನು ಮಾತ್ರ ಡಾಕ್ಟರ ಹತ್ತಿರ ಒಮ್ಮೆ ತೋರಿಸಿಕೊಂಡೇ ಮಾಡಬೇಕು.

ಪರದೆಯ ಆಟಗಳೂ ಬಂದವು. ತೊಂಬತ್ತರ ದಶಕದ ನಡುವೆ ‘ಬ್ರಾಂಕಿ’ ಎಂಬ ಉಬ್ಬಸದ ಡೈನೊಸಾರ್ ವಿಡಿಯೊ ಗೇಮಿನಲ್ಲಿ ಇನ್ಹೇಲರ್ ಹಿಡಿದು ಓಡಾಡಿತು. ಉಸಿರಿನ ಪರೀಕ್ಷೆ ಮಾಡುವ ಕಂಪ್ಯೂಟರುಗಳಲ್ಲಿ ಊದಿದರೆ ಆರುವ ಮೋಂಬತ್ತಿಗಳಿವೆ. ಅಲ್ಲೂ ಹಳೇ ಪಾಠವೇ: ಮೋಂಬತ್ತಿ ಒಂದೇ ‘ಫೂ’ಗೆ ಆರುತ್ತದೆ, ಪರೀಕ್ಷೆಗೆ ಬೇಕಾದದ್ದು ಕೊನೆಯತನಕ ಊದಿದ ಉಸಿರು. ಕಬಡ್ಡಿ ಎನ್ನುತ್ತಾ ಎದುರಾಳಿಯ ಅಂಗಳಕ್ಕೆ ಹೋದವನಿಗೆ ಇದು ಚೆನ್ನಾಗಿ ಗೊತ್ತು. ಉಬ್ಬಸ ಹತೋಟಿಯಲ್ಲಿರುವ ಮಗುವನ್ನು ‘ನೀನು ಕೂತ್ಕೊ’ ಎಂದು ಆಟದ ಪೀರಿಯಡ್ಡಿನಲ್ಲಿ ಮರದಡಿ ಕೂರಿಸುವುದು ನನಗಂತೂ ಅನ್ಯಾಯವೆನಿಸುತ್ತದೆ.

ಯಾವ ಆಟಕ್ಕೂ ಬಗ್ಗದ ಒಂದು ಉಬ್ಬಸವೂ ಈ ಕಡಲೆಕಾಯಿ ಸೀಮೆಯಲ್ಲಿದೆ. ಕಡಲೆಬೀಜ ತಿನ್ನುತ್ತಾ ನಗುತ್ತಲೋ ಓಡುತ್ತಲೋ ಇದ್ದ ಪುಟ್ಟ ಮಗು ಏಕಾಏಕಿ ಕೆಮ್ಮಿ, ಆಮೇಲೆ ಎದೆಯಲ್ಲಿ ಸುಯ್ ಸುಯ್ ಶುರುವಾದರೆ, ಬೀಜ ಉಸಿರುನಾಳಕ್ಕೆ ಇಳಿದಿರಬಹುದು. ಆಗ ಬಾಟಲಿ, ಚೆಂಡು, ಇನ್ಹೇಲರ್ ಎಲ್ಲ ಬದಿಗಿಟ್ಟು, ಉಸಿರುನಾಳದೊಳಗೆ ನಳಿಗೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿ ಇರುವ ಆಸ್ಪತ್ರೆಗೆ ಅದೇ ದಿನ ಹೊರಡಬೇಕು.