‘ಇದನ್ನ ಬರಕೋಬ್ಯಾಡಪ್ಪ’

ರಾಯಚೂರಿನಿಂದ ಚಂದ್ರಬಂಡದ ಕಡೆ ಹೊರಟರೆ ತೆಲಂಗಾಣದ ಗಡಿ ದೂರವಿಲ್ಲ. ಈ ಸೀಮೆಯ ಹಿರಿಯರ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿಗೆ ಹೊರಳುತ್ತದೆ. ನಿಜಾಮನ ಕಾಲದ ಕಚೇರಿಯ ಸುದ್ದಿ ಬಂತೆಂದರೆ ಉರ್ದುವೂ ಸೇರಿಕೊಳ್ಳುತ್ತದೆ. 1947ರ ಆಗಸ್ಟ್‌ನಲ್ಲಿ ದೇಶ ಸ್ವತಂತ್ರವಾದರೂ ನಿಜಾಮನ ಆಳ್ವಿಕೆಯಲ್ಲಿದ್ದ ಇಲ್ಲಿನ ಜನ ಇನ್ನೂ 13 ತಿಂಗಳು ಕಾಯಬೇಕಾಯಿತು. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ರಜಾಕಾರ ಪಡೆಯ ಹಾವಳಿ, 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ಭಾರತೀಯ ಸೇನೆ ನಡೆಸಿದ ‘ಪೊಲೀಸ್ ಆಕ್ಷನ್’, ಅದರ ಬೆನ್ನಿಗೇ ಹೈದರಾಬಾದ್ ಸಂಸ್ಥಾನದ ಹಲವೆಡೆ ನಡೆದ ಕೊಲೆ, ಲೂಟಿ. ಇವನ್ನೆಲ್ಲ ಹತ್ತು ವರ್ಷದ ಮಗುವಾಗಿ ಕಂಡವರಿಗೆ ಈಗ ತೊಂಬತ್ತರ ಆಸುಪಾಸು. ಅವರನ್ನು ಮಾತಾಡಿಸಿ ದಾಖಲಿಸುವುದು ತುರ್ತಿನ ಕೆಲಸ ನಿಜ. ಆದರೆ ತುರ್ತಿದೆ ಎಂದು ಅವರನ್ನು ಅವಸರಪಡಿಸುವ ಹಕ್ಕು ಯಾರಿಗೂ ಇಲ್ಲ.

ಆ ದಿನಗಳ ಬಗ್ಗೆ ಜನ ಹಿಂದೆಯೂ ಬಾಯಿಬಿಟ್ಟು ಹೇಳಿದ್ದರು. 1948ರ ಕೊನೆಯಲ್ಲಿ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ಸಮಿತಿ ಹೈದರಾಬಾದ್ ರಾಜ್ಯದಲ್ಲಿ ಸುತ್ತಾಡಿ ಜನರ ಹೇಳಿಕೆ ಕೇಳಿತು. ಕಾರ್ಯಾಚರಣೆಯ ವೇಳೆ ಮತ್ತು ಆನಂತರ ಸತ್ತವರು 27,000ದಿಂದ 40,000 ಎಂದು ಅಂದಾಜು ಮಾಡಿತು. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲೇ ಇಲ್ಲ. ಹೇಳಿದ್ದು ಎಲ್ಲಿ ಹೋಯಿತೆಂದು ತಿಳಿಯದ ಜನ ಇಂದು ಮತ್ತೊಬ್ಬ ಮೈಕು ಹಿಡಿದು ಬಂದಾಗ ಹಿಂಜರಿದರೆ ಅದು ಮರೆವಲ್ಲ, ಅನುಭವ.

ಇನ್ನೊಂದು ಕಾರಣ ಊರಿನೊಳಗೇ ಇದೆ. ರಜಾಕಾರರ ಕಾಲದಲ್ಲಿ ಕಳೆದುಕೊಂಡವರ ಮೊಮ್ಮಕ್ಕಳೂ ಪೊಲೀಸ್ ಆಕ್ಷನ್ ನಂತರ ಕಳೆದುಕೊಂಡವರ ಮೊಮ್ಮಕ್ಕಳೂ ಒಂದೇ ಊರಲ್ಲಿ ಬದುಕುತ್ತಾರೆ. ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಈ ಜಿಲ್ಲೆಯಲ್ಲಿ ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿಲ್ಲ. ಸಂದರ್ಶಕ ಸಂಜೆ ಬಸ್ಸು ಹತ್ತುತ್ತಾನೆ. ಹೇಳಿದವರು ಮರುದಿನ ಅದೇ ಓಣಿಯಲ್ಲಿ ನೀರಿಗೆ ಹೋಗಬೇಕು. ಆದ್ದರಿಂದ ಮೊದಲು ವಿಚಾರ ಮಾಡಬೇಕಾದದ್ದು ಪ್ರಶ್ನೆಯನ್ನಲ್ಲ, ಈ ಉತ್ತರವನ್ನು ಯಾರ್‍ಯಾರು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದನ್ನು. ಗೌಡರ ಗಾಡಿಯಲ್ಲಿ ಬಂದಿಳಿದವನಿಗೆ ಕೇರಿಯ ಮುದುಕಿ ಗೌಡರ ಬಗ್ಗೆ ಏನು ಹೇಳಿಯಾಳು? ಕಟ್ಟೆಯ ಮೇಲೆ ಗಂಡಸರು ನೆರೆದರೆ ಹೆಂಗಸರ ಕಥೆ ಅಡುಗೆಮನೆ ದಾಟುವುದಿಲ್ಲ.

ಹೆಂಗಸರನ್ನೇ ಮಾತಾಡಿಸಿದರೆ ಏನಾಗುತ್ತದೆ ಎಂಬುದನ್ನು ಪಕ್ಕದ ಸೀಮೆ ತೋರಿಸಿಕೊಟ್ಟಿದೆ. ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನೆ ತೆಲಂಗಾಣ ರೈತ ಹೋರಾಟದಲ್ಲಿದ್ದ ಮಹಿಳೆಯರ ಮಾತುಗಳನ್ನು ದಾಖಲಿಸಿ 1980ರ ದಶಕದಲ್ಲಿ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಪುಸ್ತಕ ಮಾಡಿತು. ಬಂದೂಕು, ದಳಗಳ ಚರಿತ್ರೆಯ ಪಕ್ಕದಲ್ಲಿ, ಕಾಡಿನಲ್ಲಿ ತಲೆಮರೆಸಿಕೊಂಡಿದ್ದಾಗ ಹಸುಗೂಸನ್ನು ಪರರಿಗೆ ಒಪ್ಪಿಸಿದ ತಾಯಿಯ ಸಂಕಟವೂ ಚರಿತ್ರೆಗೆ ಸೇರಿತು. ನಮ್ಮ ರಾಯಚೂರು, ಮಾನ್ವಿ, ದೇವದುರ್ಗಗಳ ಹೆಣ್ಣುಮಕ್ಕಳ 1948 ಅಷ್ಟೇ ಆಳವಾಗಿ ದಾಖಲಾಗಬೇಕೆಂಬ ಆಸೆ ನನ್ನದು.

ಇನ್ನು ಕೇಳುವ ಬಗೆ. ‘ಅದು ಯಾವ ಇಸವಿ?’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ತಾತ, ಆಗ ಹೊಲದಾಗ ಏನಿತ್ತು? ಸಜ್ಜಿ ತೆನಿ ಬಿಟ್ಟಿತ್ತಾ, ಬಿಳಿಜೋಳ ಬಿತ್ತಿದ್ರಾ?’ ಎಂದರೆ ಹೊಲ, ಮಳೆ, ಎತ್ತು, ಓಡಿಹೋದ ದಾರಿ ಒಂದರ ಹಿಂದೊಂದು ಬರುತ್ತವೆ. ಅದರಲ್ಲಿ ತಪ್ಪು ಬಂದರೂ ಗಾಬರಿಯಾಗಬೇಕಿಲ್ಲ. ಇಟಲಿಯ ಟೆರ್ನಿ ಪಟ್ಟಣದಲ್ಲಿ ಲೂಯಿಜಿ ಟ್ರಾಸ್ತುಲ್ಲಿ ಎಂಬ ಕಾರ್ಮಿಕ ಪೊಲೀಸರ ಗುಂಡಿಗೆ ಸತ್ತದ್ದು 1949ರಲ್ಲಿ, ನ್ಯಾಟೋ ವಿರುದ್ಧದ ಪ್ರತಿಭಟನೆಯಲ್ಲಿ. ಊರಿನ ಅನೇಕ ಕಾರ್ಮಿಕರು ಮಾತ್ರ ಅದನ್ನು 1953ರಲ್ಲಿ ಕಾರ್ಖಾನೆಯಿಂದ ಸಾವಿರಾರು ಜನರನ್ನು ತೆಗೆದುಹಾಕಿದಾಗಿನ ಗಲಭೆಗೆ ಸೇರಿಸಿ ಹೇಳುತ್ತಿದ್ದರು. ಸಂಶೋಧಕ ಅಲೆಸಾಂದ್ರೊ ಪೋರ್ತೆಲ್ಲಿ ಆ ತಪ್ಪನ್ನು ತಿದ್ದಿ ಮುಂದೆ ಹೋಗಲಿಲ್ಲ. ಸಾವು ಯಾಕೆ ಜಾಗ ಬದಲಿಸಿತು ಎಂದು ಕೇಳಿದ; ಆ ಊರಿಗೆ ಯಾವ ಗಾಯ ದೊಡ್ಡದಾಗಿತ್ತೆಂದು ಅದರಿಂದ ತಿಳಿಯಿತು.

ಮಾತು ಕೊಡುವಾಗ ಇನ್ನೂ ಎಚ್ಚರ ಬೇಕು. ‘ನೀವು ಬದುಕಿರೋತನಕ ಯಾರಿಗೂ ಕೇಳಿಸುವುದಿಲ್ಲ’ ಎಂಬ ಭರವಸೆಯ ಮೇಲೆ ಅಮೆರಿಕದ ಬಾಸ್ಟನ್ ಕಾಲೇಜಿನ ಯೋಜನೆಯೊಂದು ಉತ್ತರ ಐರ್ಲೆಂಡಿನ ಮಾಜಿ ಸಶಸ್ತ್ರ ಹೋರಾಟಗಾರರ ಮಾತನ್ನು ಧ್ವನಿಮುದ್ರಿಸಿತ್ತು. 2011ರಲ್ಲಿ ಕೊಲೆ ತನಿಖೆಗೆಂದು ಆ ಟೇಪುಗಳಿಗೆ ಕಾನೂನಿನ ಆದೇಶ ಬಂತು, ಕೆಲವು ಪೊಲೀಸರ ಕೈಸೇರಿದವು. ಕೊಟ್ಟ ಮಾತನ್ನು ಉಳಿಸುವ ಶಕ್ತಿ ಆ ದೊಡ್ಡ ಕಾಲೇಜಿಗೇ ಇರಲಿಲ್ಲ. ಹಾಗಿರುವಾಗ ಒಂದು ಮೊಬೈಲ್ ಹಿಡಿದು ಬಂದ ವಿದ್ಯಾರ್ಥಿ ‘ಏನೂ ಆಗಲ್ಲವ್ವ, ಹೇಳು’ ಎನ್ನಬಾರದು.

ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಕೆಲಸ ಮುಗಿಯಿತೆಂಬ ನಂಬಿಕೆಯೂ ನನಗಿಲ್ಲ. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಸೀಮೆ ಇದು. ಒಪ್ಪಿಗೆಯನ್ನು ಅವರ ಬಾಯಲ್ಲೇ, ಅವರ ನುಡಿಯಲ್ಲೇ ಕೇಳಬೇಕು. ಮಾತು ಮುಗಿದ ಮೇಲೆ ಇನ್ನೊಮ್ಮೆ ಕೇಳಬೇಕು. ಬರಹಕ್ಕಿಳಿಸಿದ ಮೇಲೆ ಹಿಂತಿರುಗಿ ಹೋಗಿ ಓದಿ ಹೇಳಬೇಕು, ಅದೂ ಪಠ್ಯಪುಸ್ತಕದ ಕನ್ನಡಕ್ಕೆ ತಿದ್ದದೆ. ‘ಇದನ್ನ ಬರಕೋಬ್ಯಾಡಪ್ಪ’ ಎಂದ ಕಡೆ ಪೆನ್ನಿನ ಜೊತೆ ಧ್ವನಿಮುದ್ರಣವೂ ನಿಲ್ಲಬೇಕು.

ಧ್ವನಿಮುದ್ರಣದ ಒಂದು ಪ್ರತಿ ಮನೆಯವರಿಗೆ ಸೇರಬೇಕು. ಆದರೆ ಅದನ್ನು ಮಗನಿಗೋ ಸೊಸೆಗೋ ಕೊಡುವ ಮುಂಚೆ ಹೇಳಿದವರನ್ನೇ ಕೇಳಬೇಕು. ಹಾಡು, ಬರ, ಬೇಸಾಯದ ಮಾತು ಊರಿನ ಗ್ರಂಥಾಲಯದಲ್ಲಿರಲಿ. ಹೆಸರು ಹಿಡಿದು ಹೇಳಿದ ಭಾಗವನ್ನು ಬೇರೆ ಇಡಬೇಕು, ಯಾವಾಗ ತೆರೆಯಬೇಕೆಂಬ ಗಡುವನ್ನು ಅವರೇ ಹಾಕಬೇಕು: ನಾನು ಹೋದ ಮೇಲೆ, ಇಲ್ಲವೇ ಆ ಮನೆಯ ಹಿರಿಯರೂ ಹೋದ ಮೇಲೆ. ‘ಯಾವತ್ತೂ ಬ್ಯಾಡ’ ಎಂದರೆ ಅವರ ಕಣ್ಣೆದುರೇ ಅಳಿಸಿ, ಅಳಿಸಿದ್ದನ್ನು ಅವರಿಗೆ ತೋರಿಸಬೇಕು.