ಅಪ್ಪ ಕೋಚ್, ಮಗ ಮೈದಾನದಲ್ಲಿ

2006ರ ವಿಶ್ವಕಪ್ ಆಡಲು ಕ್ರೊವೇಷ್ಯಾ ತಂಡ ಜರ್ಮನಿಗೆ ಹೊರಟಾಗ ತವರಿನ ಪತ್ರಿಕೆಗಳಿಗೆ ಒಂದು ವಿಷಯ ಬಿಟ್ಟರೆ ಬೇರೆ ಸಿಕ್ಕಂತಿರಲಿಲ್ಲ: ಕೋಚ್ ಸ್ವಂತ ಮಗನಿಗೆ ಮಣೆ ಹಾಕಿದ್ದಾರೆ! ಕೋಚ್ ಝ್ಲಾಟ್ಕೊ ಕ್ರಾಂಚಾರ್. ಮಗ ನಿಕೊ, 21 ವರ್ಷದ ಮಿಡ್‌ಫೀಲ್ಡರ್. ಈ ಗುಲ್ಲಿನಲ್ಲಿ ಅಪ್ಪ ತಮ್ಮ ಕಾಲದಲ್ಲಿ ಎಂಥ ಗೋಲುಗಾರ ಎಂಬುದನ್ನು ಹೊಸ ತಲೆಮಾರು ಮರೆತೇಬಿಟ್ಟಿತ್ತು.

ಝಾಗ್ರೆಬ್‌ನಲ್ಲಿ 1956ರಲ್ಲಿ ಹುಟ್ಟಿದ ಕ್ರಾಂಚಾರ್ ಹದಿಹರೆಯದಲ್ಲೇ ಊರಿನ ದೊಡ್ಡ ಕ್ಲಬ್ ಡಿನಾಮೊ ಸೇರಿದರು. ಅಲ್ಲಿದ್ದ ಹತ್ತು ವರ್ಷಗಳಲ್ಲಿ ಲೀಗ್ ಒಂದರಲ್ಲೇ ನೂರರ ಹತ್ತಿರ ಗೋಲು ಹೊಡೆದರು. 1982ರಲ್ಲಿ ಡಿನಾಮೊ ಯುಗೊಸ್ಲಾವಿಯಾ ಲೀಗ್ ಗೆದ್ದಾಗ ಅದು 24 ವರ್ಷಗಳ ಕಾಯುವಿಕೆಯ ಫಲ. ಆಗ ಕೋಚ್ ಆಗಿದ್ದ ಮಿರೊಸ್ಲಾವ್ ಬ್ಲಾಜೆವಿಚ್ ಮುಂದೆ 1998ರ ವಿಶ್ವಕಪ್‌ನಲ್ಲಿ ಕ್ರೊವೇಷ್ಯಾಕ್ಕೆ ಮೂರನೇ ಸ್ಥಾನ ತಂದುಕೊಟ್ಟವರು. ಇಷ್ಟಾದರೂ ಯುಗೊಸ್ಲಾವಿಯಾ ತಂಡದಲ್ಲಿ ಕ್ರಾಂಚಾರ್‌ಗೆ ಸಿಕ್ಕಿದ್ದು 11 ಪಂದ್ಯ ಮಾತ್ರ.

1983ರಲ್ಲಿ ಅವರು ವಿಯೆನ್ನಾದ ರಾಪಿಡ್ ಕ್ಲಬ್‌ಗೆ ಹೋದರು. ಅಲ್ಲಿ ಜೊತೆಗಾರರು ಆಸ್ಟ್ರಿಯಾದ ಹೆಸರಾಂತ ಗೋಲುಗಾರ ಹಾನ್ಸ್ ಕ್ರಾಂಕ್ಲ್ ಮತ್ತು ಒಂದು ಬಗೆಯ ಪೆನಾಲ್ಟಿ ಒದೆತಕ್ಕೆ ತಮ್ಮ ಹೆಸರನ್ನೇ ಕೊಟ್ಟ ಆಂಟೊನಿನ್ ಪನೆಂಕಾ. 1985ರಲ್ಲಿ ಈ ತಂಡ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲ್ ತಲುಪಿ, ಇಂಗ್ಲೆಂಡಿನ ಎವರ್ಟನ್ ಎದುರು 1-3ರಿಂದ ಸೋತಿತು. ರಾಪಿಡ್ ಪರವಾಗಿ ಕ್ರಾಂಚಾರ್ ಅವರ ಲೀಗ್ ಗೋಲುಗಳು ನೂರನ್ನೇ ದಾಟಿದವು.

1990ರ ಅಕ್ಟೋಬರ್ 17ರಂದು ಝಾಗ್ರೆಬ್‌ನ ಮಾಕ್ಸಿಮಿರ್ ಕ್ರೀಡಾಂಗಣದಲ್ಲಿ ಕೆಂಪು-ಬಿಳಿ ಚೌಕುಳಿ ಅಂಗಿ ತೊಟ್ಟ ಕ್ರೊವೇಷ್ಯಾ ತಂಡ ಅಮೆರಿಕವನ್ನು 2-1ರಿಂದ ಸೋಲಿಸಿತು. ಕ್ರೊವೇಷ್ಯಾ ಆಗಿನ್ನೂ ಯುಗೊಸ್ಲಾವಿಯಾದ ಭಾಗ. ಸ್ವಾತಂತ್ರ್ಯ ಘೋಷಣೆಗೆ ಎಂಟು ತಿಂಗಳು ಬಾಕಿ ಇತ್ತು. ದೇಶವೇ ಹುಟ್ಟುವ ಮುನ್ನ ಆಡಿದ ಆ ತಂಡಕ್ಕೆ ನಾಯಕ 33ರ ಕ್ರಾಂಚಾರ್.

ಕೋಚ್ ಆದ ಮೇಲೆ 1996 ಮತ್ತು 1998ರಲ್ಲಿ ತಮ್ಮ ಹಳೆಯ ಕ್ಲಬ್ ಡಿನಾಮೊಗೆ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟರು. ಹಣ, ಆಟಗಾರರು, ರಾಜಕೀಯ ಬೆಂಬಲ ಎಲ್ಲವೂ ಇದ್ದ ಕ್ಲಬ್ ಅದು. ಅಲ್ಲಿ ಗೆಲ್ಲುವುದು ದೊಡ್ಡ ಪವಾಡವೇನಲ್ಲ. ಅಚ್ಚರಿ ಹುಟ್ಟಿಸಿದ್ದು 2002. ಅದೇ ನಗರದ ಬಡ ನೆರೆಮನೆಯಂತಿದ್ದ ಎನ್‌ಕೆ ಝಾಗ್ರೆಬ್ ಕ್ಲಬ್ಬನ್ನು ಅವರು ಚಾಂಪಿಯನ್ ಮಾಡಿದರು. ಕ್ರೊವೇಷ್ಯಾ ಲೀಗ್ ಶುರುವಾದಾಗಿನಿಂದ ಡಿನಾಮೊ ಮತ್ತು ಸ್ಪ್ಲಿಟ್ ನಗರದ ಹೈಡುಕ್ ಬಿಟ್ಟು ಮೂರನೆಯವರು ಪ್ರಶಸ್ತಿ ಮುಟ್ಟಿರಲಿಲ್ಲ. ಆ ಋತುವಿನಲ್ಲಿ 21 ಗೋಲು ಹೊಡೆದ ಇವಿಕಾ ಒಲಿಚ್ ಮುಂದೆ ಬಯರ್ನ್ ಮ್ಯೂನಿಕ್ ಸೇರಿ, ಆಮೇಲೆ ತಾವೂ ಕೋಚ್ ಆದರು.

2004ರಲ್ಲಿ ರಾಷ್ಟ್ರೀಯ ತಂಡದ ಹೊಣೆ ಬಂತು. ಅವರಿಗೆ ಜಾಗ ಬಿಟ್ಟುಕೊಟ್ಟವರು ಒಟ್ಟೊ ಬಾರಿಚ್, ವಿಯೆನ್ನಾದಲ್ಲಿ ಇವರದೇ ಕೋಚ್ ಆಗಿದ್ದವರು. ವಿಶ್ವಕಪ್ ಅರ್ಹತಾ ಸುತ್ತಿನ ಹತ್ತು ಪಂದ್ಯಗಳಲ್ಲಿ ಒಂದನ್ನೂ ಸೋಲದೆ, ಸ್ವೀಡನ್ನನ್ನು ಎರಡೂ ಸಲ 1-0ಯಿಂದ ಮಣಿಸಿ ಕ್ರೊವೇಷ್ಯಾ ಗುಂಪಿನಲ್ಲಿ ಮೊದಲಾಯಿತು. ನಡುವೆ ಇನ್ನೊಂದು ರಂಪ: ಡಿನಾಮೊದಲ್ಲೇ ಬೆಳೆದು ನಾಯಕನಾಗಿದ್ದ ನಿಕೊ 2005ರ ಜನವರಿಯಲ್ಲಿ ಬದ್ಧವೈರಿ ಹೈಡುಕ್‌ಗೆ ಹಾರಿದರು. ಅಭಿಮಾನಿಗಳು ಕೆಂಡವಾದರು. ಆ ಋತುವಿನ ಕೊನೆಗೆ ಹೈಡುಕ್ ಕೋಚ್ ಆಗಿದ್ದವರು ಇಗೋರ್ ಸ್ಟಿಮಾಚ್. ಹೌದು, 2019ರಿಂದ 2024ರವರೆಗೆ ನಮ್ಮ ಸುನಿಲ್ ಛೆಟ್ರಿ ಬಳಗಕ್ಕೆ ತರಬೇತಿ ಕೊಟ್ಟ ಅದೇ ಸ್ಟಿಮಾಚ್.

ಜರ್ಮನಿಯಲ್ಲಿ ಆದದ್ದು ವಿಚಿತ್ರ. ಗೋಲು ಹೊಡೆದೇ ಹೆಸರು ಮಾಡಿದವರ ತಂಡಕ್ಕೆ ಗೋಲಿನದೇ ಬರ. ಬ್ರೆಜಿಲ್ ಎದುರು ಕಾಕಾ ಹೊಡೆದ ಒಂದೇ ಗೋಲಿನಿಂದ ಸೋಲು. ಜಪಾನ್ ಎದುರು ಡಾರಿಯೊ ಸೆರ್ನಾ ಒದ್ದ ಪೆನಾಲ್ಟಿಯನ್ನು ಗೋಲಿ ತಡೆದು 0-0. ಆಸ್ಟ್ರೇಲಿಯಾ ವಿರುದ್ಧ ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ ಎರಡು ಬಾರಿ ಮುಂದಿದ್ದೂ 2-2. ಈ ಪಂದ್ಯವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಇಂಗ್ಲಿಷ್ ರೆಫರಿ ಗ್ರಹಾಂ ಪೋಲ್ ಅವರಿಂದಾಗಿ. ಕ್ರೊವೇಷ್ಯಾದ ಯೊಸಿಪ್ ಸಿಮುನಿಚ್‌ಗೆ ಎರಡನೇ ಹಳದಿ ಕಾರ್ಡ್ ತೋರಿಸಿಯೂ ಹೊರಗೆ ಕಳಿಸಲಿಲ್ಲ. ಪುಸ್ತಕದಲ್ಲಿ ತಪ್ಪು ಆಟಗಾರನ ಲೆಕ್ಕಕ್ಕೆ ಬರೆದುಕೊಂಡಿದ್ದರು. ಮೂರನೆಯದು ತೋರಿಸಿದಾಗಲೇ ಕೆಂಪು ಕಾರ್ಡ್ ಹೊರಬಂದದ್ದು.

ಮೊದಲ ಸುತ್ತಿನಲ್ಲೇ ಹೊರಬಿದ್ದ ತಂಡದ ಕೋಚ್ ಉಳಿಯುವುದುಂಟೇ? 2006ರ ಜುಲೈನಲ್ಲೇ ಕ್ರಾಂಚಾರ್ ಕೆಲಸ ಹೋಯಿತು, ಸ್ಲಾವೆನ್ ಬಿಲಿಚ್ ಬಂದರು. ಮಗನನ್ನು ಬಿಲಿಚ್ ಕೂಡ ಆಡಿಸುತ್ತಲೇ ಹೋದರು. ನಿಕೊ ಒಟ್ಟು 81 ಪಂದ್ಯ ಆಡಿದರೆಂದ ಮೇಲೆ ಮಣೆಯ ಮಾತಿಗೆ ಹೆಚ್ಚು ಬೆಲೆ ಉಳಿಯುವುದಿಲ್ಲ.

ಅಪ್ಪನ ಅಲೆದಾಟವೂ ನಿಲ್ಲಲಿಲ್ಲ. ಆರು ಲಕ್ಷದಷ್ಟು ಜನರ ಮಾಂಟೆನೆಗ್ರೊ ತಂಡ 2010ರಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡ್‌ಗೆ ಗೋಲು ಬಿಟ್ಟುಕೊಡದೆ 0-0 ಮಾಡಿಕೊಂಡದ್ದು ಅವರ ಕೈಕೆಳಗೇ. ಬಳಿಕ ಇರಾನಿನ ಸೆಪಹಾನ್ ಕ್ಲಬ್‌ಗೆ 2012ರಲ್ಲಿ ಲೀಗ್ ಗೆದ್ದುಕೊಟ್ಟರು. 2021ರ ಮಾರ್ಚ್ 1ರಂದು, 64ನೇ ವಯಸ್ಸಿನಲ್ಲಿ ತೀರಿಕೊಂಡರು. ಜರ್ಮನಿಯ ಆ ಮೂರು ಪಂದ್ಯಗಳಿಂದ ಅವರನ್ನು ಅಳೆಯುವುದು ಅನ್ಯಾಯ. ಕೋಚ್ ಆಗಿ ಅವರ ದೊಡ್ಡ ಕೆಲಸ 2002ರ ಎನ್‌ಕೆ ಝಾಗ್ರೆಬ್ ತಂಡವೇ.